ಬದುಕಿದ್ದವನಿಗೆ ಹಚ್ಚಿದ ಊದುಬತ್ತಿ

"ಬಿಚ್ಚು ಅದನ್ನ. ಯಾರ ಮದುವೆಗೆ ಬಂದಿದೀಯ?"

ನಾನು ಬಾಗಿಲಲ್ಲೇ ನಿಂತೆ. ಮೈಮೇಲಿದ್ದದ್ದು ನೇರಳೆ ಬಣ್ಣದ ರೇಷ್ಮೆ ಆವ್‌ಜಾಯ್, ಕಾಲುದ್ದದ ನಿಲುವಂಗಿ, ನಮ್ಮ ಅವ್ವನದು. ಅವಳು ಅದನ್ನು ಹೊಸವರ್ಷದ ಹಬ್ಬಕ್ಕೆ ಮಾತ್ರ ತೊಡುತ್ತಿದ್ದಳು. ಸತ್ತ ಮೇಲೆ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದೆ. ತಂಗಿಯ ಜತೆ ನೀನೂ ಟಿವಿಯಲ್ಲಿ ಕಾಣಿಸಬೇಕು ಅಂತ ಹೇಳಿ ಕಳಿಸಿದ್ದರಲ್ಲ, ಬಿಸಿನೀರಿನ ಚೆಂಬು ಉಜ್ಜಿ ಸುಕ್ಕು ತೆಗೆದು, ತಲೆ ಬಾಚಿ, ಬೆಳಗಿನಿಂದ ಕಾದು ಕೂತಿದ್ದೆ.

"ಕೇಳಿಸಲಿಲ್ವಾ? ಗದ್ದೆಗೆ ಹಾಕ್ಕೊಂಡು ಹೋಗ್ತೀಯಲ್ಲ, ಅದನ್ನ ಹಾಕ್ಕೊಂಡು ಬಾ. ಹರಿದಿದ್ರೆ ಇನ್ನೂ ಒಳ್ಳೇದು."

ಹೀಗಂದವಳು ಸೈಗಾನಿನಿಂದ ಬಂದಿದ್ದ ಕ್ವೇನ್ ಮೇಡಂ. ಸೌಂದರ್ಯ ಸ್ಪರ್ಧೆ ನಡೆಸುವ ಕಂಪನಿಯಲ್ಲಿ ಒಂದೊಂದು ಹುಡುಗಿಗೂ ಒಂದೊಂದು ಕಥೆ ಹೊಲಿಯುವುದು ಇವಳ ಕೆಲಸ. ಕ್ಯಾಮೆರಾದವನ ಕಡೆ ತಿರುಗಿ, "ನೀಟಾಗಿ ಬಟ್ಟೆ ಹಾಕ್ಕೊಂಡಿರೋ ಬಡವರನ್ನ ನೋಡಿ ಯಾರೂ ಅಳಲ್ಲ ಕಣೋ," ಅಂದಳು. ನಾನು ಅಲ್ಲೇ ನಿಂತಿದ್ದೆ.

ಒಳಗೆ ಹೋಗಿ ಬಿಚ್ಚಿದೆ. ಉಪ್ಪಿನ ಗದ್ದೆಯ ಹೂವಿನ ಅಂಗಿ, ಇಜಾರ, ರಬ್ಬರು ಬೂಟು ಹಾಕಿಕೊಂಡು ಬಂದೆ. ಮೇಕಪ್ಪಿನ ಹುಡುಗಿ ಡಬ್ಬಿಯಿಂದ ಕಂದು ಪುಡಿ ತೆಗೆದು ನನ್ನ ಕೆನ್ನೆಗೆ ಮೆತ್ತತೊಡಗಿದಳು.

"ಮನೆ ಇಂದೆ ಬೇಕಾದಷ್ಟು ಕೆಸರೈತೆ ಕಣವ್ವ. ಡಬ್ಬಿ ಕೆಸರು ಯಾಕೆ ದಂಡ ಮಾಡ್ತೀಯ?"

ಅವಳಿಗೆ ನಗು ಬಂತು. ಮೇಡಂ ಕಡೆ ನೋಡಿ ನುಂಗಿಕೊಂಡಳು.

ನನ್ನ ತಂಗಿ ನ್ಯಾನ್ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಅವಳೂ ನನ್ನ ಜತೆ ಅಡ್ಡೆ ಹೊತ್ತವಳೇ. ಎರಡು ಕಡೆ ಉಪ್ಪಿನ ಬುಟ್ಟಿ ತೂಗುವ ಬಿದಿರಿನ ಅಡ್ಡೆ ಹೊತ್ತು ಹೊತ್ತು ಇಬ್ಬರ ಬಲಭುಜದಲ್ಲೂ ಜಡ್ಡುಗಟ್ಟಿದ ಗಂಟಿದೆ. ಅವಳು ಎತ್ತರಕ್ಕೆ ಬೆಳೆದಳು. ನಡಿಗೆ ಮಾತ್ರ ಅಡ್ಡೆಯವರದು, ಸೊಂಟದಿಂದ ಮೇಲೆ ಅಲುಗುವುದಿಲ್ಲ. ಅಲುಗಿದರೆ ಉಪ್ಪು ಚೆಲ್ಲುತ್ತದಲ್ಲ. ನ್ಯಾಚಾಂಗ್ ಪೇಟೆಯ ಬಟ್ಟೆ ಅಂಗಡಿಯವನೊಬ್ಬ ಆ ನಡಿಗೆ ನೋಡಿ ಮಾಡೆಲ್ ಕೆಲಸಕ್ಕೆ ಕರೆದ, ಅಲ್ಲಿಂದ ಈ ಸ್ಪರ್ಧೆಗೆ ಬಂದಳು. ವೇದಿಕೆಯ ಮೇಲೆ ಉದ್ದ ಗೌನು ತೊಟ್ಟಾಗ ಆ ಗಂಟಿಗೆ ಪೌಡರು ಮೆತ್ತಿ ಮುಚ್ಚುತ್ತಾರಂತೆ. ಈವತ್ತು ಬಡತನ ತೋರಿಸುವ ದಿನ. ಪೌಡರು ಒರೆಸಿ, ಕ್ಯಾಮೆರಾ ಹತ್ತಿರ ತಂದು ಗಂಟನ್ನೇ ಹಿಡಿದರು.

ಅಷ್ಟಾದ ಮೇಲೆ ಮೇಡಂ ನಮ್ಮ ಹಿರಿಯರ ಪೀಠದ ಮುಂದೆ ನಿಂತಳು. ಅಲ್ಲಿ ಊದುಬತ್ತಿಯ ಕುಂಡ, ನೀರಿನ ಲೋಟ, ಅವ್ವನ ಪಟ ಇದ್ದವು.

"ಒಂದೇ ಫೋಟೋನಾ?"

"ಸತ್ತಿರೋಳು ಅವ್ವ ಒಬ್ಳೇಯ," ಅಂದೆ.

"ಹೋದ ವರ್ಷ ಗೆದ್ದವಳಿಗೂ ಅಮ್ಮ ಇರಲಿಲ್ಲ. ಜನ ಅತ್ತು ಮುಗಿಸಿದಾರೆ. ಅಪ್ಪನೂ ಇಲ್ಲ ಅಂದ್ರೆ ಅದರ ತೂಕವೇ ಬೇರೆ." ಹೊಸ್ತಿಲ ಮೇಲೆ ಕೂತು ಬೇಯಿಸಿದ ಗೆಣಸು ಸುಲಿಯುತ್ತಿದ್ದವನ ಕಡೆ ಬೆರಳು ಮಾಡಿದಳು. "ಇವನ್ಯಾರು?"

"ನಮ್ಮಪ್ಪ."

"ಕಥೇಲಿ ಅಪ್ಪ ಇಲ್ಲ. ಇವನದೂ ಒಂದು ಫೋಟೋ ತೆಗೆದು ಅಮ್ಮನ ಪಕ್ಕ ಇಡಿ."

ಬದುಕಿದ್ದವರ ಪಟವನ್ನು ಆ ಪೀಠದ ಮೇಲಿಡುವುದು ಅಂದರೆ ನಮ್ಮಲ್ಲಿ ಬಾಯಿಬಿಟ್ಟು ಆಡುವ ಮಾತಲ್ಲ. ಮಕ್ಕಳು ಆಟಕ್ಕೆ ಮಾಡಿದರೂ ಚೆನ್ನಾಗಿ ಏಟು ತಿನ್ನುತ್ತವೆ. ನಾನು ಪೀಠಕ್ಕೆ ಅಡ್ಡ ನಿಂತೆ.

"ನಿನ್ ಬಾಯಿಗೆ ಮಣ್ಣಾಕ. ಉಸುರಾಡೋ ಮನ್ಸನ್ನ ಪೀಠಕ್ಕೆ ಕೂರುಸ್ತೀಯೇನೇ? ನಿಮ್ಮಪ್ಪನ್ ಪಟ ತಂದು ಮಡಗು, ಓಗು."

ಮೇಡಂ ಸಿಟ್ಟಾಗಲಿಲ್ಲ. ಇಂಥವನ್ನೆಲ್ಲ ಕೇಳಿ ಪಳಗಿದವಳು.

"ನ್ಯಾನ್, ನೀನೇ ಹೇಳು. ಬೇಡ ಅಂದ್ರೆ ಬೇಡ. ಇದೇ ಕಾರಲ್ಲಿ ಪಕ್ಕದ ಜಿಲ್ಲೆಗೆ ಹೋಗ್ತೀವಿ. ಅಲ್ಲೊಬ್ಬಳಿದಾಳೆ, ಅವಳಿಗೆ ನಿಜವಾಗ್ಲೂ ಯಾರೂ ಇಲ್ಲ."

ನ್ಯಾನ್ ಚಾಪೆಯ ಗರಿ ಕೀಳುತ್ತ ಕೂತಳು. ಬೇಕು ಅನ್ನಲಿಕ್ಕೆ ಅವಳಿಗೆ ಬಾಯಿಲ್ಲ, ಬೇಡ ಅನ್ನಲಿಕ್ಕೆ ಮನಸ್ಸಿಲ್ಲ. ಅದು ಅಪ್ಪನಿಗೆ ನನಗಿಂತ ಮೊದಲೇ ಗೊತ್ತಾಯಿತು.

"ಬುಡವ್ವ ಥೊಮ್," ಅಂದ ನನಗೆ. "ಉಪ್ಪಿನ್ ಗದ್ದೇಲಿ ದಿನಾ ಸತ್ತು ದಿನಾ ಎದ್ದೋನು ನಾನು. ಇನ್ನೊಂದ್ ಕಿತ ಸತ್ರೆ ನಂದೇನ್ ಗಂಟು ಓಯ್ತದೆ. ಮಗಳು ಗೆದ್ರೆ ಸಾಕು. ಇಕ್ರಪ್ಪ, ಒಳ್ಳೆ ಪಟ ಇಕ್ಕಿ. ಉಳುಕು ಅಲ್ಲು ಕಾಣೋದ್ ಬ್ಯಾಡ."

ಫೋನಿನಲ್ಲಿ ಅಪ್ಪನ ಮುಖ ಹಿಡಿದು, ಕಾರಿನಲ್ಲಿದ್ದ ಸಣ್ಣ ಯಂತ್ರದಲ್ಲಿ ಅಚ್ಚು ಹಾಕಿ ಕಪ್ಪು ಚೌಕಟ್ಟಿಗೆ ಸೇರಿಸಿದರು. ಚೌಕಟ್ಟು ಅವರೇ ತಂದಿದ್ದರು. ಅಂದರೆ ಸೈಗಾನಿನಿಂದ ಹೊರಡುವಾಗಲೇ ನಮ್ಮಪ್ಪ ಸತ್ತಿದ್ದ.

ಅವನನ್ನು ಹಿಂದಿನ ಅಡುಗೆ ಕೊಟ್ಟಿಗೆಗೆ ಕಳಿಸಿದರು. ಮನೆಗೂ ಕೊಟ್ಟಿಗೆಗೂ ನಡುವೆ ಒಂದು ತಗಡಿನ ಗೋಡೆ. ನ್ಯಾನ್ ಮೂರು ಊದುಬತ್ತಿ ಹಚ್ಚಿ ಎರಡು ಪಟಗಳ ಮುಂದೆ ನಿಂತು ಅಳಲು ಶುರುಮಾಡಿದಳು. ನಟನೆ ಕಲಿಸಿದ್ದರು, ಆದರೆ ಆ ಅಳು ನಿಜವಾದದ್ದೇ ಅಂತ ನನಗೆ ಗೊತ್ತು. ಅಷ್ಟರಲ್ಲಿ ತಗಡಿನ ಹಿಂದಿನಿಂದ ಕೆಮ್ಮು ಕೇಳಿಸಿತು. ಅಪ್ಪನ ಎದೆ ಕೆಟ್ಟು ವರ್ಷಗಳಾಗಿವೆ, ಕೆಮ್ಮು ಒಮ್ಮೆ ಬಂದರೆ ಬೇಗ ನಿಲ್ಲುವುದಿಲ್ಲ.

"ಯಾರದು? ಸತ್ತವನು ಕೆಮ್ಮಬಾರದು ಅಂತ ಹೇಳ್ರೋ ಅವನಿಗೆ," ಅಂದಳು ಮೇಡಂ. ಬಂದಿದ್ದವರೆಲ್ಲ ನಕ್ಕರು.

ಹೋಗಿ ನೋಡಿದೆ. ಅಪ್ಪ ಒಲೆಯ ಪಕ್ಕ ಮುದುರಿ ಕೂತು ಟವೆಲನ್ನು ಬಾಯೊಳಕ್ಕೆ ತುರುಕಿಕೊಂಡಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನೀನು ಹೋಗು, ಅವರ ಕೆಲಸ ಕೆಡಿಸಬೇಡ ಅಂತ ಕೈಸನ್ನೆ ಮಾಡಿದ.

ಕಾರು ಹೊರಟ ಕೂಡಲೇ ಪಟ ಕೀಳಲು ಹೋದೆ. ಅಪ್ಪ ಬಿಡಲಿಲ್ಲ. ಊದುಬತ್ತಿ ಹಚ್ಚಿ ಕೈಮುಗಿದಾದ ಮೇಲೆ ಅದನ್ನು ಇಳಿಸಿ ಎಲ್ಲಿಡುವುದು, ಒಲೆಗೆ ಹಾಕಲಿಕ್ಕಾಗುತ್ತದೆಯೇ, ಕಸಕ್ಕೆ ಎಸೆಯಲಿಕ್ಕಾಗುತ್ತದೆಯೇ?

"ಅಲ್ಲೇ ಇರ್ಲಿ ಬುಡು. ನಿಮ್ಮವ್ವಂಗೂ ಜತೆ ಆಯ್ತದೆ." ಅವರು ಎಡೆಯಿಟ್ಟು ಹೋಗಿದ್ದ ಕೆಂಪು ಹಣ್ಣೊಂದನ್ನು ಪೀಠದಿಂದ ಎತ್ತಿಕೊಂಡು ಹೋಳು ಮಾಡಿದ. "ತನ್ ತಿಥಿ ಅಣ್ಣು ತಾನೇ ತಿಂದೋನು ಈ ಊರಲ್ಲಿ ಇನ್ಯಾರವ್ರೆ ಏಳು."

ನಾನು ನಕ್ಕುಬಿಟ್ಟೆ.

ಸ್ಪರ್ಧೆಯ ಕೊನೆಯ ದಿನ ಊರೆಲ್ಲ ಹೂಂಗ್‌ಳ ಕಾಫಿ ಅಂಗಡಿಯಲ್ಲಿ ಸೇರಿತ್ತು. ದೊಡ್ಡ ಟಿವಿ ಇರುವುದು ಅಲ್ಲೊಂದೇ. ಅಪ್ಪ ಮುಂದಿನ ಸಾಲಿನಲ್ಲಿ ಸಣ್ಣ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ, ಮುಂದೆ ಒಂದು ಲೋಟ ಐಸ್ ಕಾಫಿ. ನ್ಯಾನ್ ಬಿಳಿ ಗೌನಿನಲ್ಲಿ ಬಂದಾಗ ಎಲ್ಲರೂ ಮೇಜು ಬಡಿದರು. ಆಮೇಲೆ ನಮ್ಮ ಮನೆ ಬಂತು. ನಾನು ಬಂದೆ, ಡಬ್ಬಿ ಕೆಸರಿನೊಂದಿಗೆ. ಪೀಠದ ಮೇಲಿನ ಅವ್ವ ಬಂದಳು, ಪಕ್ಕದಲ್ಲಿ ಅಪ್ಪ.

ಟಿವಿಯಲ್ಲಿ ನ್ಯಾನ್ ಹೇಳಿದಳು: "ನನ್ನ ತಂದೆ ಉಪ್ಪು ಹೊರುತ್ತಲೇ ಗದ್ದೆಯಲ್ಲಿ ಬಿದ್ದು ತೀರಿಕೊಂಡರು. ಆಗ ನಾನು ತುಂಬ ಚಿಕ್ಕವಳು. ನನಗೆ ಅವರ ದನಿ ಕೂಡ ನೆನಪಿಲ್ಲ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ಅಪ್ಪನನ್ನು ನೋಡಿದರು. ಅವನು ಸ್ಟ್ರಾದಲ್ಲಿ ಐಸ್ ಕಲಕುತ್ತಿದ್ದ.

"ಖಾಮಣ್ಣ, ನಿನ್ ಸಾವಿನ್ ಊಟ ಬಾಕಿ ಐತೆ ಕಣಪ್ಪ," ಅಂದ ಹಿಂದಿನಿಂದ ಒಬ್ಬ.

"ಮುಚ್ಚಲಾ ಬಾಯ, ಬೋಳಿಮಗ್ನೆ," ಅಂದಳು ಹೂಂಗ್. ಅವಳ ಕೈಯಲ್ಲಿ ಕುದಿವ ನೀರಿನ ಕೆಟಲು ಇತ್ತು, ಅವನು ಸುಮ್ಮನಾದ.

ಅಪ್ಪ ನಕ್ಕ. ಕಿರೀಟ ನ್ಯಾನ್ ತಲೆಗೇ ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ಅವನೇ. ಮನೆಗೆ ಬರುವ ದಾರಿಯಲ್ಲಿ ಮಾತ್ರ, ಉಪ್ಪಿನ ಗದ್ದೆಯ ಬದುವಿನ ಮೇಲೆ ನಿಂತು ಕೇಳಿದ:

"ದನೀನೂ ಗ್ಯಾನ ಇಲ್ಲ ಅಂದ್ಲಲ್ಲ ಮಗ. ಅದ್ನೂ ಅವ್ರೇ ಬರ್ಕೊಟ್ಟಿದ್ದಾ?"

"ಊಂ ಕಣಪ್ಪ. ಎಲ್ಲಾ ಅವ್ರೇಯ."

"ಅಂಗಾದ್ರೆ ಸರಿ," ಅಂದ.

ಗೆದ್ದ ಹುಡುಗಿಯ ಫೋನು ಕಂಪನಿಯ ಕೈಯಲ್ಲಿರುತ್ತದೆ. ಅವಳು ಏನು ತಿನ್ನಬೇಕು, ಎಲ್ಲಿ ನಗಬೇಕು ಎಲ್ಲ ಅವರ ಒಪ್ಪಂದದಲ್ಲಿದೆ. ನಾವು ಮಾಡಿದ ಕರೆಯೆಲ್ಲ ಮೇಡಂ ಹತ್ತಿರವೇ ಹೋಗುತ್ತಿತ್ತು. ಆಗಾಗ ಅಕ್ಕಿ, ಹಾಲಿನ ಪುಡಿ, ಅಪ್ಪನ ಮಾತ್ರೆ ಪಾರ್ಸೆಲ್ ಬರುತ್ತಿದ್ದವು, ಒಳಗೆ ಚೀಟಿ ಇರುತ್ತಿರಲಿಲ್ಲ. ಅಪ್ಪ ಆ ಪೊಟ್ಟಣದ ದಾರವನ್ನು ಕೂಡ ಎತ್ತಿಡುತ್ತಿದ್ದ.

ಅವಳು ಊರಿಗೆ ಬರುತ್ತಾಳೆ, ತೆರೆದ ಕಾರಿನಲ್ಲಿ ಮೆರವಣಿಗೆ ಅಂತ ಸುದ್ದಿಯಾಯಿತು. ಹಿಂದಿನ ದಿನ, ಊರಿನ ಆಡಳಿತ ನೋಡುವ ಕಮ್ಯೂನ್ ಕಚೇರಿಯ ದಾತ್ ಮನೆಗೆ ಬಂದು ಬೂಟು ಕಳಚದೆ ಒಳಗೆ ನಿಂತ.

"ಖಾಮ್ ಮಾವ, ನಾಳೆ ನೀನು ಹೊರಗೆ ಕಾಣಿಸಬಾರದು. ಪ್ರಾಂತ್ಯದಿಂದ ದೊಡ್ಡವರು ಬರ್ತಿದಾರೆ. ಕಾರು ಹೋಗೋವರೆಗೂ ಕೊಟ್ಟಿಗೇಲಿ ಇದ್ದುಬಿಡು."

"ನಾನು ಬದುಕಿವ್ನಿ ಅಂತ ರುಜು ಆಕಿ ವರ್ಸಾ ವರ್ಸಾ ಅಕ್ಕಿ ಕೊಡ್ಸೋನು ನೀನೇ ಅಲ್ವೇನಪ್ಪ?"

"ಅದು ಕಚೇರಿ ವಿಷಯ. ಇದು ಊರಿನ ಮರ್ಯಾದೆ. ಒಂದು ಹುಡುಗಿ ಎದ್ದು ನಿಂತಿದಾಳೆ, ಹೆತ್ತವನೇ ಕಾಲು ಎಳೀತೀಯಾ?"

ಅಪ್ಪ ಇಲ್ಲ ಅಂತ ತಲೆಯಾಡಿಸಿದ. ಬೆಳಗ್ಗೆ ಎದ್ದು ಗಡ್ಡ ಕೆರೆದುಕೊಂಡ, ಒಗೆದ ಅಂಗಿ ತೊಟ್ಟ, ಕೊಟ್ಟಿಗೆಗೆ ಹೋಗಿ ಕೂತ. ಯಾರಿಗೆ ಕಾಣಿಸಲಿಕ್ಕೆ ಅಷ್ಟು ತಯಾರಿ ಅಂತ ನಾನು ಕೇಳಲಿಲ್ಲ.

ನ್ಯಾನ್ ಬಂದಳು. ಎದೆಯ ಮೇಲೆ ಪಟ್ಟಿ, ತಲೆಯ ಮೇಲೆ ಕಿರೀಟ, ಸುತ್ತ ಕ್ಯಾಮೆರಾಗಳು. ಬಾಗಿಲು ತಗ್ಗು, ಕಿರೀಟ ತಾಗದಂತೆ ಬಗ್ಗಿ ಒಳಗೆ ಬಂದಳು. ನನ್ನ ಕೈ ಹಿಡಿದು ಒಂದು ಸಲ ಗಟ್ಟಿಯಾಗಿ ಅಮುಕಿದಳು. ಮೇಡಂ ಊದುಬತ್ತಿ ಹಚ್ಚಿ ಅವಳ ಕೈಗೆ ಕೊಟ್ಟಳು. ನ್ಯಾನ್ ಅಪ್ಪನ ಪಟದ ಮುಂದೆ ನಿಂತು, "ಅಪ್ಪಾ, ಬಂದೆ," ಅಂದಳು.

"ಬಂದ್ಯಾ ಮಗ," ಅಂತು ತಗಡಿನ ಹಿಂದಿನಿಂದ ಒಂದು ದನಿ.

ತೀರ ಮೆಲ್ಲಗೆ. ಹೊರಗಿನ ಡೋಲಿನ ಗದ್ದಲದಲ್ಲಿ ಮೇಡಂಗೆ ಕೇಳಿಸಲಿಲ್ಲ, ಕ್ಯಾಮೆರಾದವನಿಗೂ ಕೇಳಿಸಲಿಲ್ಲ. ನಮ್ಮಿಬ್ಬರಿಗೆ ಕೇಳಿಸಿತು. ನ್ಯಾನ್ ಅಲುಗದೆ ನಿಂತುಬಿಟ್ಟಳು. ಬತ್ತಿಯ ಬೂದಿ ಉದುರಿ ಮುಂಗೈ ಸುಟ್ಟಿತು, ಕೈ ಹಿಂದಕ್ಕೆ ತೆಗೆಯಲಿಲ್ಲ. ಆಮೇಲೆ ಮೂರು ಸಲ ಬಗ್ಗಿ ಕೈಮುಗಿದಳು.

"ಚೆನ್ನಾಗಿತ್ತು," ಅಂದಳು ಮೇಡಂ. "ಮಧ್ಯೆ ತಡೆದು ನಿಂತೆಯಲ್ಲ, ಅದು ತುಂಬ ಚೆನ್ನಾಗಿತ್ತು."

ನೀರು ಕುಡಿಯುವ ನೆಪ ಹೇಳಿ ನ್ಯಾನ್ ಹಿತ್ತಲಿಗೆ ಹೋದಳು. ಕೊಟ್ಟಿಗೆಯ ಬಾಗಿಲಿಗೆ ಇನ್ನೇನು ಕೈ ಹಾಕಬೇಕು, "ನ್ಯಾನ್, ಕಾರು," ಅಂತ ಮೇಡಂ ಕೂಗಿದಳು. ನ್ಯಾನ್ ತಿರುಗಿ ಬಂದಳು. ಅವಳ ಎತ್ತರದ ಚಪ್ಪಲಿಯ ಸದ್ದು ಬಾಗಿಲವರೆಗೆ ಬಂದದ್ದೂ ವಾಪಸ್ ಹೋದದ್ದೂ ಅಪ್ಪನಿಗೆ ಕೇಳಿಸಿತು. ಆ ದಿನ ಅವನು ಊಟಕ್ಕೆ ಏಳಲಿಲ್ಲ.

ಬಿಸಿಲು ಏರಿ ಉಪ್ಪು ಚೆನ್ನಾಗಿ ಕಟ್ಟುತ್ತಿದ್ದ ದಿನಗಳಲ್ಲಿ ಅವನು ಹಾಸಿಗೆ ಹಿಡಿದ. ಗಂಜಿ ಕೂಡ ಇಳಿಯದಾಯಿತು. ಮೇಡಂಗೆ ಫೋನು ಮಾಡಿದೆ.

"ಅಪ್ಪ ಓಯ್ತಾ ಅವ್ರೆ. ಒಂದ್ಸಲ ಕಳ್ಸಿಕೊಡಿ. ಕ್ಯಾಮೆರಾ ಬ್ಯಾಡ, ಯಾರ್ಗೂ ಗೊತ್ತಾಗ್ದಂಗೆ ಬಂದು ಓಗ್ಲಿ."

"ಮುಂದಿನ ತಿಂಗಳು ಅವಳು ಹೊರದೇಶದ ಸ್ಪರ್ಧೆಗೆ ಹೋಗ್ಬೇಕು. ಈಗ ಅಪ್ಪ ಇದ್ದ ಅಂತ ಹೊರಬಿದ್ರೆ ಕಿರೀಟ ಕಿತ್ಕೋತಾರೆ, ಸುಳ್ಳಿ ಅಂತ ಊರೆಲ್ಲ ಉಗೀತದೆ. ನಿನ್ನ ತಂಗಿಗೆ ಅದು ಬೇಕಾ? ಒಂದು ಸಲ ಸತ್ತವನನ್ನ ಇನ್ನೊಂದು ಸಲ ಸಾಯಿಸೋಕೆ ನನ್ನಿಂದಾಗಲ್ಲ ಥೊಮ್. ಆಸ್ಪತ್ರೆಗೆ ಏನಾದ್ರೂ ಬೇಕಿದ್ರೆ ಕೇಳು."

"ಅವ್ಳಿಗೆ ಏಳಿ ಸಾಕು. ಅವ್ಳೇ ತೀರ್ಮಾನ ಮಾಡ್ಲಿ."

ಫೋನು ಇಟ್ಟಳು. ಆಮೇಲೆ ಎತ್ತಲೇ ಇಲ್ಲ.

ಅಪ್ಪನಿಗೆ ಎಲ್ಲ ಗೊತ್ತಾಗುತ್ತಿತ್ತು. ಕೊನೆಗೆ ಉಸಿರಿಗೊಂದು ಮಾತಿನಂತೆ ಹೇಳಿದ: "ಬರ್ನಿಲ್ಲ ಅಂತ ಬೈಬ್ಯಾಡ ಅವ್ಳ. ಬಟ್ಟೆ ಮಾತ್ರ ಮಡಗಿರು."

ನಮ್ಮಲ್ಲಿ ತಂದೆ ಸತ್ತರೆ ಮಕ್ಕಳು ತಲೆಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಮಗಳು ದೂರದಲ್ಲಿದ್ದರೆ ಅವಳ ಪಾಲಿನ ಪಟ್ಟಿಯನ್ನು ಮಡಿಸಿ ತಟ್ಟೆಯಲ್ಲಿಟ್ಟು ಶವಪೆಟ್ಟಿಗೆಯ ಮೇಲಿಡುತ್ತೇವೆ. ಅದು ಅವಳಿಗಾಗಿ ಕಾಯುತ್ತದೆ. ದಾತ್ ಬಂದು ಕೊಂಬು ಡೋಲು ಬೇಡ, ಜನ ಸೇರಿಸಬೇಡಿ, ಬೇಗ ಮುಗಿಸಿ ಅಂದ. ಹೂಂಗ್ ಅವನ ಮುಖದ ಮೇಲೆ, "ನಿಮ್ಮಪ್ಪ ಸತ್ತಾಗ ಕುಣಿದ್ಯಲ್ಲೋ ಮುಂಡೇಮಗ್ನೆ," ಅಂದಳು. ಆದರೂ ಡೋಲಿನವರು ಹೆದರಿ ಬರಲಿಲ್ಲ. ನಮ್ಮ ಗದ್ದೆಯ ಹೆಂಗಸರೇ ಅಡ್ಡೆ ಹೊತ್ತ ಭುಜದ ಮೇಲೆ ಅವನನ್ನು ಹೊತ್ತುಕೊಂಡು ಹೋದರು. ಮಣ್ಣು ಮುಚ್ಚಿ ಬಂದ ಮೇಲೆ ತಟ್ಟೆಯನ್ನು ಪೀಠದ ಮೇಲಿಟ್ಟೆ. ಪಟ ಹುಡುಕುವ ಕೆಲಸ ಇರಲಿಲ್ಲ, ಅದು ಆಗಲೇ ಅಲ್ಲಿತ್ತು.

ಬೈಬೇಡ ಅಂದಿದ್ದ. ಮನಸ್ಸಿನಲ್ಲೇ ನಾನು ಅವಳನ್ನು ಬೈದೆ, ಬಾಯಿಗೆ ಬಂದದ್ದೆಲ್ಲ ಬೈದೆ. ಆಮೇಲೆ ಆ ಬಟ್ಟೆ ನೋಡಿದೆ. ಸತ್ತದ್ದೇ ಗೊತ್ತಿಲ್ಲದವಳು ಬರುವುದಾದರೂ ಹೇಗೆ ಅನ್ನಿಸಿತು.

ನ್ಯಾಚಾಂಗ್‌ನಲ್ಲಿ ಹೊಸ ಚಿನ್ನದಂಗಡಿಯನ್ನು ನಮ್ಮ ನ್ಯಾನ್ ಉದ್ಘಾಟಿಸುತ್ತಾಳೆ ಅಂತ ಹೂಂಗ್ ಹೇಳಿದಳು. ಬೆಳಗಿನ ಬಸ್ಸು ಹತ್ತಿದೆ. ನನ್ನ ತಲೆಗೆ ಬಿಳಿ ಪಟ್ಟಿ ಇತ್ತು. ಮೈಮೇಲೆ ಅವ್ವನ ನೇರಳೆ ಆವ್‌ಜಾಯ್ ತೊಟ್ಟಿದ್ದೆ, ಯಾರು ಬಿಚ್ಚು ಅಂತಾರೋ ನೋಡೋಣ ಅಂತ.

ಅಂಗಡಿಯ ಮುಂದೆ ಕೆಂಪು ಜಮಖಾನ, ಹೂವಿನ ಕಮಾನು, ನೂರಾರು ಜನ. ನುಗ್ಗಿ ಹೋಗಬೇಕಾದೀತು ಅಂದುಕೊಂಡಿದ್ದೆ. ಬೇಕಾಗಲಿಲ್ಲ. ಹೊಸ ವ್ಯಾಪಾರದ ಬಾಗಿಲಿಗೆ ಸೂತಕದವಳು ಬಂದರೆ ಅಂಗಡಿಗೂ, ತಾಗಿದವರಿಗೂ ಕೇಡು ಅಂತ ನಮ್ಮ ಜನರ ಹೆದರಿಕೆ. ಬಿಳಿ ಪಟ್ಟಿ ಕಂಡದ್ದೇ ತಡ, ಹೆಂಗಸರು ಮಕ್ಕಳನ್ನು ಎಳೆದುಕೊಂಡು ಸರಿದರು. ಕಾವಲಿನವನು ಅಡ್ಡ ಬಂದ, ಕೈ ಚಾಚಿದ, ಮುಟ್ಟಲು ಧೈರ್ಯವಾಗದೆ ಕೈ ಹಿಂದಕ್ಕೆ ಎಳೆದುಕೊಂಡ.

"ಅಯ್ಯೋ, ಯಾರಾದ್ರೂ ಹಿಡೀರೋ ಅವಳನ್ನ, ಹಾಳಾಯ್ತು ನನ್ನ ಅಂಗಡಿ," ಅಂತ ಮಾಲೀಕ ಬಡಿದುಕೊಂಡ. ಯಾರೂ ಹಿಡಿಯಲಿಲ್ಲ. ಜಮಖಾನದ ನಡುವೆ ಅಡ್ಡೆ ಹೊತ್ತವಳಂತೆ ನೇರ ನಡೆದೆ.

ನ್ಯಾನ್ ಕೈಯಲ್ಲಿ ಕತ್ತರಿ ಹಿಡಿದು ನಿಂತಿದ್ದಳು. ಮೊದಲು ನನ್ನ ಮುಖ ನೋಡಿ ನಕ್ಕಳು. ಆಮೇಲೆ ತಲೆಯ ಮೇಲಿನ ಬಟ್ಟೆ ನೋಡಿದಳು. ನಮ್ಮ ಮನೆಯಲ್ಲಿ ಸಾಯಲು ಉಳಿದಿದ್ದವನು ಒಬ್ಬನೇ.

"ಯಾವಾಗ್ಲಕ್ಕ?"

"ಮಣ್ಣಾಯ್ತು ಕಣವ್ವ. ನಿಂಗೆ ತಿಳ್ಸಾಕೆ ಬುಡ್ನಿಲ್ಲ."

ಅಂಗಿಯೊಳಗಿಂದ ಅವಳ ಪಾಲಿನ ಪಟ್ಟಿ ತೆಗೆದೆ. ಅಷ್ಟರಲ್ಲಿ ಕ್ವೇನ್ ಮೇಡಂ ಮೈಕು ಕಿತ್ತುಕೊಂಡಿದ್ದಳು. ಅವಳ ಜಾಣತನ ಮೆಚ್ಚಬೇಕು. "ಬಾಲ್ಯದಲ್ಲೇ ಕಳೆದುಕೊಂಡ ತಂದೆಯ ನೆನಪಿಗಾಗಿ ನಮ್ಮ ನ್ಯಾನ್ ಮತ್ತು ಅವರ ಸಹೋದರಿ ನಡೆಸಿಕೊಡುತ್ತಿರುವ ಚಿಕ್ಕ ದೃಶ್ಯ. ದಯವಿಟ್ಟು ಚಪ್ಪಾಳೆ," ಅಂದಳು. ಜನ ಒಬ್ಬರ ಮುಖ ಒಬ್ಬರು ನೋಡಿ ತಟ್ಟತೊಡಗಿದರು. ಕೆಲವರು ಕಣ್ಣೊರೆಸಿಕೊಂಡರು.

ನ್ಯಾನ್ ಅವಳ ಕೈಯಿಂದ ಮೈಕು ತೆಗೆದುಕೊಂಡಳು. ಕಂಪನಿ ಕಲಿಸಿದ ಸೈಗಾನಿನ ನಯದ ಮಾತು ಬರಲಿಲ್ಲ, ನಮ್ಮ ಉಪ್ಪಿನ ಗದ್ದೆಯ ಮಾತೇ ಬಂತು.

"ನಮ್ಮಪ್ಪ ಸತ್ತಿದ್ದು ಈಗ. ಅವತ್ತು ನೀವು ಟಿವೀಲಿ ಪಟ ನೋಡಿ ಅತ್ರಲ್ಲ, ಆ ಪಟ ತಗ್ದಾಗ ಅವ್ನು ಬದುಕಿದ್ದ. ತಗಡಿನ್ ಇಂದೆ ಬಾಯಿಗೆ ಬಟ್ಟೆ ತುರುಕ್ಕೊಂಡು ಕೂತಿದ್ದ. ನಂಗೆ ಗೊತ್ತಿತ್ತು. ಅವನ್ ದನಿ ಗ್ಯಾನ ಇಲ್ಲ ಅಂದಿದ್ದೂ ಸುಳ್ಳು."

ಚಪ್ಪಾಳೆ ನಿಂತಿತು. ಸ್ಪೀಕರಿನವನು ತಂತಿ ಕಿತ್ತ. ನ್ಯಾನ್ ಕಿರೀಟ ತೆಗೆದು ಕತ್ತರಿಯ ತಟ್ಟೆಯಲ್ಲಿಟ್ಟು, ಜಮಖಾನದ ಮೇಲೆ ಮಂಡಿಯೂರಿ ತಲೆ ಬಗ್ಗಿಸಿದಳು. ಪಟ್ಟಿ ಕಟ್ಟಿದೆ. ಅವಳ ಕೂದಲಿಗೆ ಏನೇನೋ ಬಳಿದಿದ್ದರು, ಗಂಟು ಜಾರುತ್ತಿತ್ತು, ಎರಡು ಸಲ ಬಿಗಿದೆ. ಸುತ್ತ ಫೋನುಗಳು ಎದ್ದಿದ್ದವು. ಮೇಡಂ ನಮ್ಮ ಪಕ್ಕ ಬಗ್ಗಿ, "ನಾಳೆಯಿಂದ ನೀನು ಯಾರೂ ಅಲ್ಲ, ತಿಳೀತಾ," ಅಂದಳು. ನ್ಯಾನ್ ಚಪ್ಪಲಿ ಬಿಚ್ಚಿ ಅಲ್ಲೇ ಬಿಟ್ಟು ನನ್ನ ಜತೆ ನಡೆದಳು. ಬಸ್ಸಿನಲ್ಲೂ ನಮ್ಮ ಪಕ್ಕ ಯಾರೂ ಕೂರಲಿಲ್ಲ.

ದಾರಿಯುದ್ದಕ್ಕೂ ಅವಳು ಅಳಲಿಲ್ಲ. ಮನೆಗೆ ಬಂದಾಗ ಬಾಗಿಲಲ್ಲಿ ಬಗ್ಗಿದಳು, ಕಿರೀಟ ಇಲ್ಲದಿದ್ದರೂ. ನಾನು ಊದುಬತ್ತಿ ಹಚ್ಚಿಕೊಟ್ಟೆ. ಪೀಠದ ಮುಂದೆ ಅದೇ ಜಾಗದಲ್ಲಿ, ಅದೇ ಪಟದ ಎದುರು ನಿಂತಳು.

"ಅಪ್ಪಾ, ಬಂದೆ," ಅಂದಳು.

ಹೇಳಿ, ಪಟದ ಕಡೆ ನೋಡಲಿಲ್ಲ. ತಗಡಿನ ಗೋಡೆಯ ಕಡೆ ತಿರುಗಿ ಕಿವಿಗೊಟ್ಟು ನಿಂತಳು. ನಾನೂ ನಿಂತೆ. ಬತ್ತಿ ಉರಿದು ಉರಿದು ಅವಳ ಬೆರಳ ಹತ್ತಿರಕ್ಕೆ ಬಂತು, ಅವಳಿನ್ನೂ ಹಾಗೆಯೇ ನಿಂತಿದ್ದಳು.